ಸೋಲಾರ್ ಮನೆಗೆ ಯಾವ ಮೀಟರ್? ಆಂಪ್ ಆಮೇಲೆ, ಮೊದಲು ಕೂಡುವ ಕಳೆಯುವ ರೀತಿ ನೋಡಿ

ಸೋಲಾರ್ ಹಾಕಿಸಿದ ಮನೆಗೆ ಮೀಟರ್ ಆರಿಸುವಾಗ ಹೆಚ್ಚಿನವರು ಕೇಳುವುದು ಮೂರು ಪ್ರಶ್ನೆ: ಎಷ್ಟು ಆಂಪಿನದು, ಯಾವ ಕ್ಲಾಸಿನದು (ಅಂದರೆ ಎಷ್ಟು ನಿಖರ), ಮೊಬೈಲಿನಲ್ಲಿ ಕಾಣುತ್ತದೆಯೇ. ಮೂರೂ ತಿಳಿಯಬೇಕಾದವೇ. ಆದರೆ ಬಿಲ್ಲಿನಲ್ಲಿ ದೊಡ್ಡ ಎಡವಟ್ಟು ಇವುಗಳಿಂದ ಆಗುವುದು ಕಡಿಮೆ. ಕ್ಲಾಸ್ 1ರ ಬದಲು ಕ್ಲಾಸ್ 2 ಮೀಟರ್ ಕೂತರೆ ನೂರು ಯೂನಿಟ್ಟಿಗೆ ಒಂದೆರಡು ಯೂನಿಟ್ ಆಚೀಚೆ ಆಗಬಹುದು, ಅಷ್ಟೆ. ಎರಡೂ ದಿಕ್ಕಿಗೆ ಹರಿಯುವ ಕರೆಂಟನ್ನು ಮೀಟರ್ ಯಾವ ರಿಜಿಸ್ಟರಿಗೆ (ಎಣಿಕೆ ಜಮೆಯಾಗುವ ಖಾನೆಗೆ), ಕೂಡಿಸಿ ಹಾಕುತ್ತದೋ ಕಳೆದು ಹಾಕುತ್ತದೋ ಎಂಬಲ್ಲಿ ತಪ್ಪಿದರೆ ಮಾತ್ರ, ಗ್ರಿಡ್‌ಗೆ ನೀವು ಕೊಟ್ಟ ಯೂನಿಟ್ಟಿಗೂ ನೀವೇ ದುಡ್ಡು ಕಟ್ಟಬೇಕಾಗುತ್ತದೆ. ಇಲ್ಲಿ ಬೇರೆ ಬೇರೆ ಬಗೆಯ ಮೀಟರ್‌ಗಳನ್ನು ತೂಗಿ ನೋಡಿರುವುದು ಮುಖ್ಯವಾಗಿ ಆ ಒಂದು ಗುಣದ ಮೇಲೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಮುಖ್ಯ ಮೀಟರ್ ಇರುವುದು ಮನೆಗೂ ಗ್ರಿಡ್‌ಗೂ ನಡುವೆ. ಪ್ಯಾನೆಲ್ ಎಷ್ಟು ಉತ್ಪಾದಿಸಿತು ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಪ್ಯಾನೆಲ್ಲಿನ ಕರೆಂಟನ್ನು ಮನೆ ಬಳಸುವ ಎಸಿಗೆ ಬದಲಿಸುವ ಇನ್ವರ್ಟರ್ 3 ಕಿಲೋವ್ಯಾಟ್ ಕೊಡುತ್ತಿದ್ದು ಮನೆಯಲ್ಲಿ 2 ಕಿಲೋವ್ಯಾಟ್ ಖರ್ಚಾಗುತ್ತಿದ್ದರೆ ಮೀಟರಿಗೆ ಕಾಣುವುದು ಹೊರಗೆ ಹೋಗುವ (ಎಕ್ಸ್‌ಪೋರ್ಟ್) 1 ಕಿಲೋವ್ಯಾಟ್ ಮಾತ್ರ. "ಇನ್ವರ್ಟರ್ 18 ಯೂನಿಟ್ ತೋರಿಸುತ್ತಿದೆ, ಮೀಟರಿನಲ್ಲಿ ಎಕ್ಸ್‌ಪೋರ್ಟ್ 11 ಮಾತ್ರ ಇದೆ, 7 ಯೂನಿಟ್ ಎಲ್ಲಿ ಹೋಯಿತು?" ಎಂಬ ದೂರು ಹುಟ್ಟುವುದು ಇಲ್ಲಿಂದಲೇ. ಎಲ್ಲೂ ಹೋಗಿಲ್ಲ, ಹಗಲಲ್ಲಿ ಮನೆಯೇ ನೇರವಾಗಿ ಬಳಸಿಕೊಂಡಿದೆ. ಅದೇ ದಿನ ಇಂಪೋರ್ಟ್, ಅಂದರೆ ಗ್ರಿಡ್‌ನಿಂದ ಒಳಬಂದದ್ದು, 6 ಯೂನಿಟ್ ಇದ್ದರೆ ಮನೆಯ ಒಟ್ಟು ಬಳಕೆ 18ರಲ್ಲಿ 11 ಕಳೆದು 6 ಕೂಡಿಸಿದಷ್ಟು, ಅಂದರೆ 13. ಈ ಲೆಕ್ಕ ತಾಳೆಯಾದರೆ ಮೀಟರ್ ಸರಿಯಾಗಿದೆ ಎಂದೇ ಅರ್ಥ. ಇನ್ವರ್ಟರಿನ ತೆರೆಯ ಮೇಲಿನ ಅಂಕಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಅದರ ಒಳಗಿನ ಅಳತೆ ಇರುವುದು ಇನ್ವರ್ಟರಿನ ನಿಯಂತ್ರಣಕ್ಕೆ, ಬಿಲ್ಲಿಂಗಿಗೆ ಅಲ್ಲ. ಆದ್ದರಿಂದಲೇ ಉತ್ಪಾದನೆಯ ಲೆಕ್ಕಕ್ಕೆ ದುಡ್ಡು ಬರುವ ಕಡೆ ಬೇರೆಯೇ ಸೋಲಾರ್ ಮೀಟರ್ ಹಾಕಿಸುತ್ತಾರೆ.

ಹಳೆಯ ಮೀಟರಿನಲ್ಲೇ ನಡೆಯುತ್ತದೆಯೇ?

ಚಕ್ರ ತಿರುಗುವ ಹಳೆಯ ಮೀಟರಿಗೆ ಸೋಲಾರ್ ಜೋಡಿಸಿದರೆ ಹಗಲಲ್ಲಿ ಚಕ್ರ ಹಿಂದಕ್ಕೆ ತಿರುಗಿ ಅಂಕಿ ಇಳಿಯುತ್ತದೆ. ನೋಡಲು ಚೆಂದ, ತಾನೇ ಕಳೆದುಕೊಳ್ಳುವ ನೆಟ್ ಮೀಟರ್ ಇದ್ದ ಹಾಗೆ. ಆದರೆ ಹಲವು ಮಾದರಿಗಳಲ್ಲಿ ಹಿಂದಕ್ಕೆ ತಿರುಗದಂತೆ ಒಂದು ಅಡ್ಡಪಟ್ಟಿ ಇರುತ್ತದೆ. ಇಲ್ಲದಿದ್ದರೂ ಆ ಚಕ್ರವನ್ನು ಹೊಂದಿಸಿರುವುದು ಮುಂದಿನ ದಿಕ್ಕಿಗೆ ಮಾತ್ರ. ಬೇರಿಂಗಿನ ಘರ್ಷಣೆಯನ್ನು ಸರಿದೂಗಿಸಲು ಅದಕ್ಕೆ ಸದಾ ಮುಂದಕ್ಕೆ ತಳ್ಳುವ ಚಿಕ್ಕ ಬಲ ಕೊಟ್ಟಿರುತ್ತಾರೆ. ಹಿಂದಕ್ಕೆ ತಿರುಗುವಾಗ ಅದೇ ಬಲ ಅಡ್ಡಿಯಾಗಿ, ಕಡಿಮೆ ಎಕ್ಸ್‌ಪೋರ್ಟ್ ಇದ್ದಾಗ ಎಣಿಕೆ ನಿಮಗೆ ನಷ್ಟವಾಗುವಂತೆ ತಪ್ಪುತ್ತದೆ. ಎಷ್ಟು ಬಂತು, ಎಷ್ಟು ಹೋಯಿತು ಎಂದು ಬೇರೆಬೇರೆಯಾಗಿ ಓದಲೂ ಬರುವುದಿಲ್ಲ. ಇದನ್ನು ಬದಲಿಸಲೇಬೇಕು, ಎರಡನೇ ಮಾತಿಲ್ಲ.

ಇದಕ್ಕಿಂತ ಅಪಾಯದ್ದು ಒಂದೇ ದಿಕ್ಕಿನ ಎಲೆಕ್ಟ್ರಾನಿಕ್ ಮೀಟರ್. ನೋಡಲು ಹೊಸದಾಗಿ, ಡಿಜಿಟಲ್ ಅಂಕಿ ತೋರಿಸುತ್ತಾ ಇರುವುದರಿಂದ ಇದೇ ಸಾಕು ಎಂದು ಬಿಟ್ಟುಬಿಡುತ್ತಾರೆ. ಹಿಮ್ಮುಖ ಕರೆಂಟ್ ಬಂದಾಗ ಇಂಥ ಮೀಟರ್ ಮೂರರಲ್ಲಿ ಒಂದು ಮಾಡುತ್ತದೆ. ಅದನ್ನು ಎಣಿಸದೆ ಬಿಡುತ್ತದೆ. ಆಗ ಕೊಟ್ಟದ್ದೆಲ್ಲ ಪುಕ್ಕಟೆ. ಇಲ್ಲವೇ ಕಳ್ಳತನದ ಗುರುತೆಂದು ಬಗೆದು ಟ್ಯಾಂಪರ್ ದಾಖಲಿಸುತ್ತದೆ. ಮುಂಗಡ ಹಣ ಕಟ್ಟುವ ಪ್ರೀಪೇಯ್ಡ್ ಮೀಟರ್‌ಗಳಲ್ಲಿ ಕೆಲವು ಕರೆಂಟನ್ನೇ ಕಡಿದುಬಿಡುತ್ತವೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ದಿಕ್ಕು ಯಾವುದಾದರೂ ಇಂಪೋರ್ಟ್ ಎಂದೇ ಕೂಡಿಸುತ್ತಾ ಹೋಗುತ್ತದೆ. ಇದು ದೋಷವಲ್ಲ, ಬೇಕೆಂದೇ ಮಾಡಿದ ವಿನ್ಯಾಸ. ಒಳಬರುವ ಹೊರಹೋಗುವ ತಂತಿಗಳನ್ನು ಅದಲುಬದಲು ಮಾಡಿ ಮೀಟರನ್ನು ಹಿಂದಕ್ಕೆ ಓಡಿಸುವವರನ್ನು ತಡೆಯಲು ತಯಾರಕರು ಹೀಗೆ ಮಾಡಿದರು. ಸೋಲಾರ್ ಮನೆಯಲ್ಲಿ ಇದರ ಫಲ ಏನೆಂದರೆ, ಬಿಸಿಲು ಹೆಚ್ಚಿದಷ್ಟೂ ಬಿಲ್ ಏರುತ್ತದೆ.

ಎರಡು ದಿಕ್ಕಿನ ಮೀಟರ್, ಮತ್ತು ಅದರ ತೆರೆಯ ಮೇಲಿನ ಅಂಕಿಗಳು

ಹಾಗಾಗಿ ಬೇಕಾದದ್ದು ಬೈ-ಡೈರೆಕ್ಷನಲ್ ಮೀಟರ್. ಮಾತಿನಲ್ಲಿ ಎಲ್ಲರೂ ನೆಟ್ ಮೀಟರ್ ಅನ್ನುವುದು ಇದನ್ನೇ. ತೆರೆ ಒಂದೊಂದಾಗಿ ಬದಲಾಗುವಾಗ ಮೂಲೆಯಲ್ಲಿ ಬರುವ ಸಣ್ಣ ಸಂಖ್ಯೆ ನೋಡಿ. ಹೆಚ್ಚಿನ ಮೀಟರ್‌ಗಳು ಓಬಿಸ್ ಎಂಬ ಅಂತರರಾಷ್ಟ್ರೀಯ ಸಂಕೇತ ಪದ್ಧತಿ ಅನುಸರಿಸುತ್ತವೆ. 1.8.0 ಎಂದರೆ ಗ್ರಿಡ್‌ನಿಂದ ತೆಗೆದುಕೊಂಡ ಒಟ್ಟು ಯೂನಿಟ್. 2.8.0 ಎಂದರೆ ಗ್ರಿಡ್‌ಗೆ ಕೊಟ್ಟ ಒಟ್ಟು ಯೂನಿಟ್. ಹೊತ್ತಿಗೊಂದು ದರ ಇದ್ದರೆ 1.8.1, 1.8.2 ಎಂದು ಬಿಡಿಬಿಡಿಯಾಗಿ ಬರುತ್ತವೆ. ಈ ಕ್ಷಣದಲ್ಲಿ ಒಳಬರುತ್ತಿರುವ ಶಕ್ತಿ 1.7.0, ಹೊರಹೋಗುತ್ತಿರುವುದು 2.7.0. ಇವುಗಳ ಜೊತೆಗೆ 15.8.0 ಮತ್ತು 16.8.0 ಎಂಬ ಎರಡು ಕಂಡರೆ ಹುಷಾರು. ಮೊದಲನೆಯದು ಇಂಪೋರ್ಟ್ ಎಕ್ಸ್‌ಪೋರ್ಟ್ ಎರಡನ್ನೂ ಕೂಡಿಸಿದ್ದು, ಎರಡನೆಯದು ಒಂದರಿಂದ ಇನ್ನೊಂದನ್ನು ಕಳೆದದ್ದು. ರೀಡಿಂಗ್ ಬರೆದುಕೊಳ್ಳುವವರು 1.8.0 ಬದಲು 15.8.0 ಬರೆದುಕೊಂಡರೆ ಬಿಲ್ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ.

2.8.0 ಇಲ್ಲದ ಮೀಟರ್ ಎಷ್ಟು ಒಳ್ಳೆಯ ಕಂಪನಿಯದಾದರೂ ಸೋಲಾರ್ ಮನೆಯ ಮುಖ್ಯ ಮೀಟರ್ ಆಗಲಾರದು. ಇನ್ನೂ ಒಂದು ಕಿರಿಕಿರಿ ಇದೆ: ಯಂತ್ರ ಎರಡು ದಿಕ್ಕಿನದೇ ಆಗಿದ್ದರೂ ಒಳಗಿನ ಸೆಟ್ಟಿಂಗ್ ಒಂದೇ ದಿಕ್ಕಿಗೆ ಇಟ್ಟು ಕಳಿಸಿರುತ್ತಾರೆ. ಡಬ್ಬಿಯ ಮೇಲಿನ ಬರಹ ಸಾಲದು, ತೆರೆಯ ಮೇಲೆ 2.8.0 ಏರುವುದನ್ನು ಕಣ್ಣಾರೆ ನೋಡಬೇಕು.

ಒಪ್ಪಂದದ ಬಗೆಯನ್ನೂ ಮೊದಲೇ ತಿಳಿದುಕೊಂಡಿರಿ. ನೆಟ್ ಮೀಟರಿಂಗ್‌ನಲ್ಲಿ ಕೊಟ್ಟ ಯೂನಿಟ್ಟನ್ನು ತೆಗೆದುಕೊಂಡದ್ದರಲ್ಲಿ ಯೂನಿಟ್ಟಿಗೆ ಯೂನಿಟ್ ಕಳೆಯುತ್ತಾರೆ. ನೆಟ್ ಬಿಲ್ಲಿಂಗ್‌ನಲ್ಲಿ ಎರಡಕ್ಕೂ ಬೇರೆ ದರ, ಕೊಟ್ಟದ್ದಕ್ಕೆ ಸಾಮಾನ್ಯವಾಗಿ ಕಡಿಮೆ. ಗ್ರಾಸ್ ಮೀಟರಿಂಗ್‌ನಲ್ಲಿ ಪ್ಯಾನೆಲ್ಲಿನ ಕರೆಂಟೆಲ್ಲ ತನ್ನದೇ ಮೀಟರ್ ಮೂಲಕ ಗ್ರಿಡ್‌ಗೆ ಹೋಗುತ್ತದೆ, ಮನೆಯ ಮೀಟರ್ ಹಳೆಯ ರೀತಿಯಲ್ಲೇ ನಡೆಯುತ್ತದೆ. ಮೊದಲನೆಯದರಲ್ಲಿ ಮೀಟರಿನ ಸೂಕ್ಷ್ಮಗಳು ನಿಮ್ಮನ್ನು ಅಷ್ಟಾಗಿ ಕಾಡುವುದಿಲ್ಲ. ನೆಟ್ ಬಿಲ್ಲಿಂಗ್ ಆದರೆ ಮುಂದಿನ ಭಾಗವನ್ನು ಎರಡು ಸಲ ಓದಿ.

ಮೂರು ಫೇಸ್ ಮನೆ, ಒಂದು ಫೇಸ್ ಇನ್ವರ್ಟರ್

ಮನೆಗೆ ಮೂರು ಫೇಸ್ ಬಂದಿದ್ದು ಇನ್ವರ್ಟರ್ ಮಾತ್ರ ಒಂದೇ ಫೇಸಿನದಾಗಿದ್ದರೆ, ಮೀಟರ್ ಮೂರು ಫೇಸನ್ನೂ ಒಟ್ಟುಗೂಡಿಸಿ ಆಮೇಲೆ ದಿಕ್ಕು ನೋಡುತ್ತದೆಯೋ, ಫೇಸ್ ಫೇಸಿಗೂ ಬೇರೆ ಬೇರೆ ನೋಡುತ್ತದೆಯೋ ಎಂಬುದರ ಮೇಲೆ ದುಡ್ಡು ನಿಂತಿರುತ್ತದೆ.

ಲೆಕ್ಕ ಹಾಕಿ ನೋಡೋಣ. ಒಂದನೇ ಫೇಸಿನಲ್ಲಿ ಸೋಲಾರ್ 4 ಕಿಲೋವ್ಯಾಟ್ ಕೊಡುತ್ತಿದೆ. ಅದೇ ಫೇಸಿನಲ್ಲಿ ಮನೆಯ ಖರ್ಚು ಅರ್ಧ ಕಿಲೋವ್ಯಾಟ್, ಎರಡನೆಯದರಲ್ಲಿ ಒಂದೂವರೆ, ಮೂರನೆಯದರಲ್ಲಿ ಒಂದು. ಒಟ್ಟುಗೂಡಿಸುವ ಮೀಟರಿನ ಪ್ರಕಾರ ಉತ್ಪಾದನೆ 4, ಖರ್ಚು 3, ಒಂದು ಗಂಟೆಯಲ್ಲಿ ಎಕ್ಸ್‌ಪೋರ್ಟ್ 1 ಯೂನಿಟ್, ಇಂಪೋರ್ಟ್ ಸೊನ್ನೆ. ಫೇಸಿಗೊಂದು ಲೆಕ್ಕ ಇಡುವ ಮೀಟರಿನ ಪ್ರಕಾರ ಒಂದನೇ ಫೇಸಿನಿಂದ ಎಕ್ಸ್‌ಪೋರ್ಟ್ 3.5, ಉಳಿದೆರಡರಲ್ಲಿ ಇಂಪೋರ್ಟ್ 2.5. ಯೂನಿಟ್ಟಿಗೆ ಯೂನಿಟ್ ಕಳೆಯುವ ಒಪ್ಪಂದವಾದರೆ ಎರಡೂ ಒಂದೇ. ಎಕ್ಸ್‌ಪೋರ್ಟಿಗೆ ಅರ್ಧ ದರ ಎಂದಿದ್ದರೆ ಮೊದಲ ಮೀಟರಿನಲ್ಲಿ ನಿಮಗೆ ಅರ್ಧ ಯೂನಿಟ್ಟಿನ ಹಣ ಜಮಾ ಆಗುತ್ತದೆ. ಎರಡನೆಯದರಲ್ಲಿ 2.5ರಿಂದ 1.75 ಕಳೆದು ಮುಕ್ಕಾಲು ಯೂನಿಟ್ಟಿನ ಹಣ ನೀವೇ ಕೊಡಬೇಕು. ಗಂಟೆಗೆ ಒಂದೂಕಾಲು ಯೂನಿಟ್ಟಿನ ವ್ಯತ್ಯಾಸ, ಅದೂ ಎರಡೂ ಮೀಟರ್ ತಮ್ಮ ಮಟ್ಟಿಗೆ ನಿಖರವಾಗಿದ್ದಾಗ! ಕ್ಲಾಸ್ 0.5 ಮೀಟರ್ ಬೇಕೆಂದು ಹಠ ಹಿಡಿಯುವವರು ಈ ಪ್ರಶ್ನೆ ಕೇಳದೇ ಇರುವುದು ವಿಚಿತ್ರ.

ನಿಮ್ಮ ಮೀಟರ್ ಯಾವ ಬಗೆಯದೆಂದು ತಿಳಿಯಲು ಬಿಸಿಲಿರುವಾಗ ಒಂದು ಪರೀಕ್ಷೆ ಸಾಕು. ಮನೆಯ ಉಳಿದ ಉಪಕರಣಗಳನ್ನೆಲ್ಲ ಆರಿಸಿ, ಸೋಲಾರ್ ಇಲ್ಲದ ಫೇಸಿನಲ್ಲಿ ಒಂದು ಹೀಟರ್ ಮಾತ್ರ ಹಚ್ಚಿ. ಹೀಟರಿನ ವ್ಯಾಟ್ ಆ ಹೊತ್ತಿನ ಉತ್ಪಾದನೆಗಿಂತ ಕಡಿಮೆ ಇರಬೇಕು. ಸ್ವಲ್ಪ ಹೊತ್ತಿನಲ್ಲಿ 1.8.0 ಮತ್ತು 2.8.0 ಎರಡೂ ಏರಿದರೆ ಫೇಸಿಗೊಂದು ಲೆಕ್ಕ. 2.8.0 ಮಾತ್ರ ಏರಿದರೆ ಒಟ್ಟು ಲೆಕ್ಕ. ಮುಖ್ಯ ಮೀಟರನ್ನು ವಿದ್ಯುತ್ ಕಂಪನಿಯೇ ಆರಿಸುವುದರಿಂದ ಅದನ್ನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲದಿರಬಹುದು. ಆಗ ಉಳಿಯುವ ದಾರಿ ಎರಡು: ಇನ್ವರ್ಟರ್ ಮೂರು ಫೇಸಿನದು ತೆಗೆದುಕೊಳ್ಳುವುದು, ಇಲ್ಲವೇ ಹಗಲಲ್ಲಿ ನಡೆಯುವ ದೊಡ್ಡ ಲೋಡ್‌ಗಳನ್ನು ಸೋಲಾರ್ ಇರುವ ಫೇಸಿಗೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಬದಲಿಸಿಕೊಳ್ಳುವುದು.

ಕಾಲದ ವಿಷಯದಲ್ಲೂ ಇದೇ ಕಥೆ. 3 ಕಿಲೋವ್ಯಾಟ್ ಹೀಟರ್ ಥರ್ಮೋಸ್ಟಾಟಿನಿಂದ ಹದಿನೈದು ನಿಮಿಷ ಹತ್ತಿ ಹದಿನೈದು ನಿಮಿಷ ಆರುತ್ತಿದೆ, ಸೋಲಾರ್ ಒಂದೇ ಸಮನೆ ಒಂದೂವರೆ ಕಿಲೋವ್ಯಾಟ್ ಕೊಡುತ್ತಿದೆ ಎಂದುಕೊಳ್ಳಿ. ಕ್ಷಣಕ್ಷಣದ ಲೆಕ್ಕದಲ್ಲಿ ಗಂಟೆಗೆ ಮುಕ್ಕಾಲು ಯೂನಿಟ್ ಇಂಪೋರ್ಟ್, ಮುಕ್ಕಾಲು ಎಕ್ಸ್‌ಪೋರ್ಟ್. ಗಂಟೆಗೊಮ್ಮೆ ಕಳೆಯುವ ಲೆಕ್ಕದಲ್ಲಿ ಎರಡೂ ಸೊನ್ನೆ. ಕಳೆಯುವ ಅವಧಿ ಹದಿನೈದು ನಿಮಿಷವೋ ಗಂಟೆಯೋ ತಿಂಗಳೋ ಎಂದು ಒಪ್ಪಂದದಲ್ಲಿ ಬರೆದಿರುತ್ತದೆ, ಓದಿಕೊಳ್ಳಿ. ಅರ್ಧ ಶಕ್ತಿಯ ಹೀಟರನ್ನು ಹೆಚ್ಚು ಹೊತ್ತು ಉರಿಸುವುದು ಕ್ಷಣಕ್ಷಣದ ಲೆಕ್ಕವಿರುವವರಿಗೆ ಲಾಭ.

ಆಂಪ್, ಕ್ಲಾಸ್ ಇತ್ಯಾದಿ

ಮೀಟರಿನ ಮೇಲೆ 10(60) ಎಂದಿದ್ದರೆ ಅಳತೆಗೆ ಆಧಾರವಾದ ಕರೆಂಟ್ 10 ಆಂಪ್, ತಡೆದುಕೊಳ್ಳುವ ಗರಿಷ್ಠ 60 ಆಂಪ್. ಆವರಣದ ಒಳಗಿನ ಅಂಕಿ ಎಲ್ಲರಿಗೂ ಗೊತ್ತು, ಹೊರಗಿನದನ್ನು ಯಾರೂ ನೋಡುವುದಿಲ್ಲ. ಐಇಸಿ 62053-21 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ನೇರ ಜೋಡಣೆಯ ಕ್ಲಾಸ್ 1 ಮೀಟರ್ ಆಧಾರ ಕರೆಂಟಿನ ಸಾವಿರದಲ್ಲಿ ನಾಲ್ಕು ಪಾಲು ಹರಿದರೆ ಎಣಿಸಲು ಶುರುಮಾಡಬೇಕು. 10 ಆಂಪಿಗೆ ಅದು 40 ಮಿಲಿಆಂಪ್. 230 ವೋಲ್ಟಿನಲ್ಲಿ ಸುಮಾರು 9 ವ್ಯಾಟ್. 5 ಆಂಪ್ ಆಧಾರದ ಮೀಟರಿಗೆ ಇದರರ್ಧ. ಬ್ಯಾಟರಿ ಇರುವ ಮನೆಯಲ್ಲಿ ರಾತ್ರಿಯೆಲ್ಲ ಗ್ರಿಡ್ ಕಡೆಯ ಹರಿವು ಸೊನ್ನೆಯ ಆಸುಪಾಸಿನಲ್ಲೇ ತೂಗಾಡುವುದರಿಂದ ಈ ಸಣ್ಣ ಅಂಕಿಗೂ ಅರ್ಥವಿದೆ.

ಗರಿಷ್ಠ ಆಂಪ್ ಲೆಕ್ಕ ಹಾಕುವಾಗ ಸೋಲಾರನ್ನೂ ಮನೆಯ ಲೋಡನ್ನೂ ಕೂಡಿಸುವ ಅಗತ್ಯವಿಲ್ಲ, ಅವು ಮೀಟರಿನಲ್ಲಿ ಒಂದನ್ನೊಂದು ಕಳೆಯುತ್ತವೆ. ಎರಡರಲ್ಲಿ ದೊಡ್ಡದು ಯಾವುದೋ ಅದಕ್ಕೆ ಸಾಲಬೇಕು. 230 ವೋಲ್ಟಿನ ಒಂದು ಫೇಸಿನಲ್ಲಿ 5 ಕಿಲೋವ್ಯಾಟ್ ಇನ್ವರ್ಟರ್ ಸುಮಾರು 22 ಆಂಪ್ ಕೊಡುತ್ತದೆ. ಆದರೆ ರಾತ್ರಿ ಸೋಲಾರ್ ಇರುವುದಿಲ್ಲ; 32 ಆಂಪಿನ ಕಾರ್ ಚಾರ್ಜರ್ ನಡೆಯುವಾಗ ಉಳಿದ ಲೋಡ್ 20 ಆಂಪ್ ಇದ್ದರೆ 45 ಆಂಪಿನ ಮೀಟರ್ ಸಾಲುವುದಿಲ್ಲ.

ಕ್ಲಾಸ್ 1 ಮನೆಗೆ ಸಾಕು. ಅದಕ್ಕಿಂತ ಮುಖ್ಯವಾದದ್ದು ಮೀಟರ್ ಎಷ್ಟು ಹೊಸ ವಿನ್ಯಾಸದ್ದು ಎಂಬುದು. ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ, ಡಿಮ್ಮರ್ ಜೋಡಿಸಿದ ಎಲ್‌ಇಡಿ ಮತ್ತು ಸಿಎಫ್‌ಎಲ್ ದೀಪಗಳಂಥ ಲೋಡ್ ಕೊಟ್ಟಾಗ ಕೆಲವು ಎಲೆಕ್ಟ್ರಾನಿಕ್ ಮೀಟರ್‌ಗಳು ಶೇಕಡ 582ರಷ್ಟು ಹೆಚ್ಚು, ಕೆಲವು ಶೇಕಡ 32ರಷ್ಟು ಕಡಿಮೆ ತೋರಿಸಿದವು. 2017ರಲ್ಲಿ ಇದು ದೊಡ್ಡ ಸುದ್ದಿಯಾಯಿತು. ಕರೆಂಟಿನ ಅಲೆ ನುಣುಪಾಗಿರದೆ ಚೂಪಾಗಿ ಏರಿಳಿದದ್ದೇ ಕಾರಣ. 2ರಿಂದ 150 ಕಿಲೋಹರ್ಟ್ಸ್ ನಡುವಿನ ಇಂಥ ಗದ್ದಲವನ್ನು ತಾಳುತ್ತದೆಯೇ ಎಂದು ನೋಡುವ ಐಇಸಿ 61000-4-19 ಪರೀಕ್ಷೆಯ ಹೆಸರು ಮೀಟರಿನ ವಿವರಪಟ್ಟಿಯಲ್ಲಿದ್ದರೆ ಒಳ್ಳೆಯದು.

ಒಳಗೆ ಹಾಕಿಕೊಳ್ಳುವ ಮೀಟರ್‌ಗಳು

ಇನ್ವರ್ಟರಿಗೆ ಮಾಹಿತಿ ಕೊಡಲು, ಎಕ್ಸ್‌ಪೋರ್ಟ್ ಮಿತಿಗೊಳಿಸಲು, ಉತ್ಪಾದನೆ ಎಣಿಸಲು ಡಿಸ್ಟ್ರಿಬ್ಯೂಷನ್ ಬಾಕ್ಸಿನೊಳಗೆ ಎಂಸಿಬಿ ಪಕ್ಕ ಕೂರುವ ಮೀಟರ್ ಬೇಕಾಗುತ್ತದೆ. ಆಯ್ಕೆಯ ಸ್ವಾತಂತ್ರ್ಯ ನಿಜವಾಗಿ ಇರುವುದು ಇಲ್ಲೇ.

ಈಸ್ಟ್ರಾನ್ ಕಂಪನಿಯ ಎಸ್‌ಡಿಎಂ ಸರಣಿ ಎಲ್ಲರಿಗೂ ಪರಿಚಿತ. ಎಸ್‌ಡಿಎಂ120 ಒಂದೇ ಎಂಸಿಬಿಯಷ್ಟು ಅಗಲ, ಒಂದು ಫೇಸ್, 45 ಆಂಪ್. ಸೋಲಾರ್ ಉತ್ಪಾದನೆ ಎಣಿಸಲು ಇದಕ್ಕಿಂತ ಅಚ್ಚುಕಟ್ಟಾದದ್ದು ಬೇಡ. ಎಸ್‌ಡಿಎಂ230 ಒಂದು ಫೇಸಿನ 100 ಆಂಪ್, ಎಸ್‌ಡಿಎಂ630 ಮೂರು ಫೇಸಿನ 100 ಆಂಪ್. ಮೂರೂ ಎರಡು ದಿಕ್ಕಿನವು. ಕೊಳ್ಳುವಾಗ ಹೆಸರಿನ ಬಾಲ ನೋಡಿ, ಮೀಟರ್ ಯಾವ ಭಾಷೆಯಲ್ಲಿ ಅಂಕಿ ಕಳಿಸುತ್ತದೆ ಎಂಬುದು ಅದರಲ್ಲಿರುತ್ತದೆ. ಮಾಡ್‌ಬಸ್ ಇರುವುದು ಒಂದು, ಎಂ-ಬಸ್ ಇರುವುದು ಇನ್ನೊಂದು, ಪಲ್ಸ್ (ಯೂನಿಟ್ಟಿಗೆ ಇಷ್ಟು ಎಂದು ಬರುವ ಮಿಡಿತ) ಮಾತ್ರ ಇರುವುದು ಮತ್ತೊಂದು. ಮಾಡ್‌ಬಸ್ಸಿಗೂ ಎಂ-ಬಸ್ಸಿಗೂ ಹೆಸರಿನಲ್ಲಷ್ಟೇ ನೆಂಟಸ್ತಿಕೆ. ಇನ್ವರ್ಟರ್ ಒಂದನ್ನು ಕೇಳುವಾಗ ಇನ್ನೊಂದು ಕೊಟ್ಟರೆ ಮಾತೇ ನಡೆಯುವುದಿಲ್ಲ. ಪಲ್ಸ್ ಮಾತ್ರ ಇರುವುದರಲ್ಲಿ ಪಲ್ಸ್ ಯಾವ ದಿಕ್ಕಿನದೆಂದು ಆಚೆ ತುದಿಗೆ ತಿಳಿಯುವುದಿಲ್ಲ. ಉತ್ಪಾದನೆಗೆ ಸರಿ, ಗ್ರಿಡ್ ಕಡೆಗೆ ಬೇಡ.

ಮಾಡ್‌ಬಸ್ ಮೂಲಕ ಓದುವವರಿಗೆ ಇನ್ನೊಂದು ಬಲೆ. ಈ ಸರಣಿಯಲ್ಲಿ ಇಂಪೋರ್ಟ್ ಯೂನಿಟ್ 30073ನೇ ರಿಜಿಸ್ಟರಿನಲ್ಲಿ, ಎಕ್ಸ್‌ಪೋರ್ಟ್ 30075ರಲ್ಲಿ. ಒಟ್ಟು ಯೂನಿಟ್ ಎಂದು 30343 ಇದೆ. ಹೆಸರು ನೋಡಿ ಅದನ್ನೇ ತೆಗೆದುಕೊಳ್ಳುತ್ತಾರೆ. ಅದು ಸಾಮಾನ್ಯವಾಗಿ ಎರಡನ್ನೂ ಕೂಡಿಸಿದ ಮೊತ್ತ. ಎಸ್‌ಡಿಎಂ120ರಲ್ಲಿ ಈ ಒಟ್ಟು ಹೇಗೆ ಬರಬೇಕೆಂದು ಸೆಟ್ಟಿಂಗಿನಲ್ಲಿ ಬದಲಿಸಲೂ ಬರುತ್ತದೆ: ಇಂಪೋರ್ಟ್ ಮಾತ್ರ, ಎರಡರ ಮೊತ್ತ, ಅಥವಾ ವ್ಯತ್ಯಾಸ. ಒಟ್ಟನ್ನು ಮುಟ್ಟದೆ ಎರಡನ್ನೂ ಬೇರೆಬೇರೆಯಾಗಿ ಓದಿ ನೀವೇ ಕಳೆದುಕೊಳ್ಳುವುದು ಕ್ಷೇಮ.

ಕಾರ್ಲೋ ಗವಾಜಿಯ ಮೀಟರ್‌ಗಳು ಇನ್ನೂ ಗಟ್ಟಿಮುಟ್ಟು. ಆದರೆ ಇಎಂ111, ಇಎಂ112 ಮಾದರಿಗಳಲ್ಲಿ ಅಳತೆಯ ಎರಡು ವಿಧಾನಗಳಿವೆ. ಎ ಎಂಬುದು ಸುಲಭ ಜೋಡಣೆ: ತಂತಿ ಯಾವ ಕಡೆಯಿಂದ ಬಂದರೂ ಇಂಪೋರ್ಟ್ ಎಂದೇ ಎಣಿಕೆ. ಬಿ ಎಂಬುದು ಎರಡು ದಿಕ್ಕಿನದು. ಬಿಲ್ಲಿಂಗಿಗೆ ಪ್ರಮಾಣೀಕರಿಸಿದ ತಳಿಗಳಲ್ಲಿ ಇದೇ ಪಿಎಫ್‌ಎ, ಪಿಎಫ್‌ಬಿ ಎಂದು ಹೆಸರಿನಲ್ಲೇ ಬರುತ್ತದೆ. ಬಾಡಿಗೆದಾರರ ಬಳಕೆ ಎಣಿಸುವವರಿಗೆ ಎ ವರ. ಸೋಲಾರ್ ಮನೆಯ ಗ್ರಿಡ್ ಕಡೆಗೆ ಅದೇ ವಿಷ, ಮೇಲೆ ಹೇಳಿದ ಒಂದೇ ದಿಕ್ಕಿನ ಮೀಟರಿನ ಎಲ್ಲ ಅವಗುಣವೂ ಅದಕ್ಕೆ ಬರುತ್ತದೆ. ವರ್ತಕರಿಗೆ ಈ ಒಂದಕ್ಷರ ದೊಡ್ಡದೆನಿಸುವುದಿಲ್ಲ, ಕೊಳ್ಳುವವರೇ ನೋಡಿಕೊಳ್ಳಬೇಕು.

ಚಿಂಟ್‌ನ ಡಿಡಿಎಸ್‌ಯು666 ಮತ್ತು ಮೂರು ಫೇಸಿನ ಡಿಟಿಎಸ್‌ಯು666 ಮೀಟರ್‌ಗಳನ್ನು ಹಲವು ಇನ್ವರ್ಟರ್ ಕಂಪನಿಗಳು ತಮ್ಮ ಹೆಸರಿನಲ್ಲಿ ಅಥವಾ ಬಾಲಕ್ಕೊಂದು ಅಕ್ಷರ ಸೇರಿಸಿ ಕೊಡುತ್ತವೆ. ಹೊರಗೆ ಒಂದೇ ಥರ ಕಂಡರೂ ರಿಜಿಸ್ಟರುಗಳ ಜೋಡಣೆ ಬೇರೆ ಇರಬಹುದು. ಇನ್ವರ್ಟರಿನ ಕೈಪಿಡಿಯಲ್ಲಿ ಅಚ್ಚಾಗಿರುವ ಮಾದರಿಯನ್ನೇ ಅಕ್ಷರಶಃ ಕೊಳ್ಳಿ. ಮೀಟರ್ ಚೆನ್ನಾಗಿದೆಯೇ ಎನ್ನುವುದಕ್ಕಿಂತ ಇನ್ವರ್ಟರಿಗೆ ಅದರ ಭಾಷೆ ಗೊತ್ತೇ ಎನ್ನುವುದು ಇಲ್ಲಿ ಮೊದಲು.

ವೈಫೈ ಕ್ಲ್ಯಾಂಪ್ ಮೀಟರ್‌ಗಳಲ್ಲಿ ಶೆಲ್ಲಿ ಇಎಂ, ಶೆಲ್ಲಿ ಪ್ರೊ 3ಇಎಂ ಹೆಚ್ಚು ಬಳಕೆಯಲ್ಲಿವೆ. ತಂತಿ ಕತ್ತರಿಸದೆ ಸುತ್ತ ಕಚ್ಚಿಸುವ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಇರುವುದರಿಂದ ಅಳವಡಿಸುವುದು ಸಲೀಸು, ಗ್ರಾಫ್ ಚೆನ್ನಾಗಿ ಬರುತ್ತದೆ. ಮನೆಯಲ್ಲಿ ಎಲ್ಲಿ ಕರೆಂಟ್ ಸೋರುತ್ತಿದೆ ಎಂದು ಹುಡುಕಲು ಇವೇ ಲೇಸು. 120 ಆಂಪಿನ ಕ್ಲ್ಯಾಂಪಿನಲ್ಲಿ ಕಾಲು ಆಂಪ್ ಅಳೆಯಲು ಹೋದರೆ ಮಾತ್ರ ಅಂಕಿ ಅಲುಗಾಡುತ್ತದೆ. ಪ್ರೊ 3ಇಎಂ ಫೇಸಿಗೊಂದು ಲೆಕ್ಕ ಇಡುವುದರಿಂದ ಅದರ ಮೊತ್ತ ನಿಮ್ಮ ಬಿಲ್ಲಿಗೆ ತಾಳೆಯಾಗದೆ ಹೋಗಬಹುದು. ಕ್ಲೌಡ್ ಮೂಲಕ ಸುತ್ತಿ ಬರುವ ಅಂಕಿಯನ್ನು ನಂಬಿ ಎಕ್ಸ್‌ಪೋರ್ಟ್ ಸೊನ್ನೆ ಮಾಡುವ ಕೆಲಸಕ್ಕಂತೂ ಇಳಿಯಬೇಡಿ. ಅದಕ್ಕೆ ಸೆಕೆಂಡಿಗೊಮ್ಮೆಯಾದರೂ ಅಂಕಿ ಕೊಡುವ ತಂತಿ ಸಂಪರ್ಕ ಬೇಕು. ಸಂಪರ್ಕ ತಪ್ಪಿದಾಗ ಮಿತಿ ಪಾಲಿಸುವ ಇನ್ವರ್ಟರ್ ತನ್ನ ಉತ್ಪಾದನೆಯನ್ನೇ ಇಳಿಸಿಬಿಡುತ್ತದೆ. "ಬಿಸಿಲಿದ್ದರೂ ಉತ್ಪಾದನೆ ಇಲ್ಲ" ಎನ್ನುವಾಗ ಪ್ಯಾನೆಲ್ ಒರೆಸುವ ಮೊದಲು ಮೀಟರಿನಿಂದ ಇನ್ವರ್ಟರಿಗೆ ಅಂಕಿ ಒಯ್ಯುವ ಆರ್‌ಎಸ್485 ತಂತಿ ನೋಡಿ. ಅದರ ತುದಿಗಳ ಎ, ಬಿ ಎಂಬ ಗುರುತನ್ನು ಕಂಪನಿಗಳು ಒಂದೇ ರೀತಿ ಬಳಸುವುದಿಲ್ಲ, ಅದಲುಬದಲು ಮಾಡಿ ನೋಡಿದರೆ ಹಾನಿಯಿಲ್ಲ. ಎರಡು ಮೀಟರ್ ಒಂದೇ ತಂತಿಯಲ್ಲಿದ್ದರೆ ಎರಡೂ ಕಾರ್ಖಾನೆಯಿಂದ 1ನೇ ವಿಳಾಸದಲ್ಲೇ ಬಂದಿರುತ್ತವೆ, ಒಂದನ್ನು ಬದಲಿಸಬೇಕು. ತಂತಿ ಉದ್ದವಾದರೆ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಹಾಕಬೇಕು. ಎಸ್‌ಡಿಎಂ120 ಸೆಕೆಂಡಿಗೆ 2400 ಬಿಟ್ ವೇಗದಲ್ಲಿ ಬರುತ್ತದೆ, ಇನ್ವರ್ಟರ್ 9600ರಲ್ಲಿ ಕರೆಯುತ್ತಿದ್ದರೆ ಉತ್ತರ ಬಾರದು.

ಸಿಟಿ ತಪ್ಪಾದರೆ

ಸಿಟಿ ಬಳಸುವ ಯಾವುದೇ ಮೀಟರಿನಲ್ಲಿ ಜೋಡಣೆಯ ತಪ್ಪು ಮುಖ್ಯವಾಗಿ ಎರಡು ಬಗೆ, ಅಂಕಿ ನೋಡಿಯೇ ಗುರುತಿಸಬಹುದು. ಮೂರು ಫೇಸಿನಲ್ಲೂ ಸಮನಾದ ಹೀಟರ್ ಲೋಡ್ ಇದ್ದಾಗ ಒಂದು ಸಿಟಿ ತಿರುಗುಮುರುಗಾಗಿದ್ದರೆ ಮೀಟರ್ ತೋರಿಸುವುದು ನಿಜದ ಮೂರನೇ ಒಂದು ಭಾಗ; ಎರಡು ಫೇಸ್ ಕೂಡಿ ಒಂದು ಕಳೆಯುತ್ತದೆ. ಎರಡು ಸಿಟಿಗಳು ಒಂದರ ಫೇಸಿಗೆ ಇನ್ನೊಂದು ಕೂತಿದ್ದರೆ ಆ ಎರಡೂ ಅರ್ಧರ್ಧ ಋಣ ತೋರಿಸಿ, ಮೂರನೆಯದರ ಪೂರ್ಣವನ್ನು ನುಂಗಿ, ಒಟ್ಟು ಸೊನ್ನೆಗೆ ಬರುತ್ತದೆ. ಮನೆಯೆಲ್ಲ ಉರಿಯುತ್ತಿದ್ದು ಮೀಟರ್ ಸೊನ್ನೆ ತೋರಿಸಿದರೆ ಇದನ್ನೇ ಅನುಮಾನಿಸಿ. 5 ಆಂಪ್ ಅಥವಾ 1 ಆಂಪ್ ಸೆಕೆಂಡರಿಯ (ಮೀಟರಿಗೆ ಹೋಗುವ ಕಡೆಯ) ಸಿಟಿಯನ್ನು ಕರೆಂಟ್ ಹರಿಯುತ್ತಿರುವಾಗ ಮೀಟರಿನಿಂದ ಬಿಚ್ಚಲೇಬಾರದು, ತುದಿಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಏಳುತ್ತದೆ. 100 ಆಂಪನ್ನು 5 ಆಂಪಿಗೆ ಇಳಿಸುವ 100/5 ಸಿಟಿ ಹಾಕಿ ಮೀಟರಿಗೆ 50/5 ಎಂದು ಹೇಳಿದರೆ ಲೆಕ್ಕ ಅರ್ಧಕ್ಕರ್ಧ ಕಡಿಮೆ ಬರುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇನ್ವರ್ಟರಿನ ಮೀಟರ್ ಇರಬೇಕಾದ ಜಾಗ ಮುಖ್ಯ ಮೀಟರ್ ದಾಟಿದ ಕೂಡಲೇ, ಒಂದು ಕವಲೂ ಒಡೆಯುವ ಮೊದಲು. ಮೋಟರಿಗೋ ಗ್ಯಾರೇಜಿಗೋ ಅದಕ್ಕೂ ಮೊದಲೇ ಕವಲು ಹೋಗಿದ್ದರೆ ಆ ಖರ್ಚು ಇನ್ವರ್ಟರಿಗೆ ಕಾಣುವುದಿಲ್ಲ.

ಹಾಕಿಸಿದ ಮೇಲೆ ನೋಡಬೇಕಾದ್ದು

ಮುಖ್ಯ ಮೀಟರಿನ ಸೀಲ್ ಮುಟ್ಟದೆ, ಕವರ್ ಬಿಚ್ಚದೆ ಮಾಡಬಹುದಾದ ಪರೀಕ್ಷೆ ಇದು. ಇನ್ವರ್ಟರಿನ ಎಸಿ ಸ್ವಿಚ್ ಆರಿಸಿ, ವ್ಯಾಟ್ ಗೊತ್ತಿರುವ ಒಂದು ಹೀಟರ್ ಮಾತ್ರ ಹಚ್ಚಿ. 1.7.0 ಹೀಟರಿನ ವ್ಯಾಟಿನ ಹತ್ತಿರ ಇರಬೇಕು, 2.7.0 ಸೊನ್ನೆ. ಮೀಟರಿನ ಮಿನುಗುವ ಕೆಂಪು ದೀಪದಿಂದಲೂ ಅಳೆಯಬಹುದು: ಮೇಲೆ ಯೂನಿಟ್ಟಿಗೆ 3200 ಇಂಪಲ್ಸ್ (ಮಿನುಗು) ಎಂದಿದ್ದರೆ 1 ಕಿಲೋವ್ಯಾಟ್ ಲೋಡಿಗೆ ಹತ್ತು ಮಿನುಗಿಗೆ ಹನ್ನೊಂದೂಕಾಲು ಸೆಕೆಂಡ್ ಹಿಡಿಯುತ್ತದೆ. ಬೇರೆ ಮೀಟರಿಗೆ, 36 ಲಕ್ಷವನ್ನು ಇಂಪಲ್ಸ್ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಒಂದು ಮಿನುಗಿನ ಸೆಕೆಂಡಿನಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ಆಮೇಲೆ ಬಿಸಿಲಿನಲ್ಲಿ ಮನೆಯ ಲೋಡೆಲ್ಲ ಆರಿಸಿ ಇನ್ವರ್ಟರ್ ಮಾತ್ರ ಇಡಿ. ಈಗ 2.7.0 ಇನ್ವರ್ಟರಿನ ಅಂಕಿಗೆ ಹತ್ತಿರವಿರಬೇಕು, 1.8.0 ಒಂದಿಷ್ಟೂ ಏರಬಾರದು. ಎರಡೂ ಪರೀಕ್ಷೆಯಲ್ಲಿ ಫಲ ತಿರುಗುಮುರುಗು ಬಂದರೆ ಒಳಬರುವ ಹೊರಹೋಗುವ ತಂತಿಗಳು ಅದಲುಬದಲಾಗಿವೆ. ದೀಪ ಎರಡೂ ದಿಕ್ಕಿಗೆ ಮಿನುಗುತ್ತದೆ ಎಂಬುದು ನೆನಪಿರಲಿ, ದಿಕ್ಕಿಗೆ ತೆರೆಯ ಮೇಲಿನ ಬಾಣವೇ ಸಾಕ್ಷಿ.

ಅರ್ಥ್ ಅಥವಾ ಟ್ಯಾಂಪರ್ ದೀಪ ಹತ್ತಿಕೊಂಡರೆ ಇನ್ವರ್ಟರಿನ ನ್ಯೂಟ್ರಲ್ ಎಲ್ಲಿಂದ ಬಂದಿದೆ ನೋಡಿ. ಕೆಲವು ಮೀಟರ್‌ಗಳು ಫೇಸ್, ನ್ಯೂಟ್ರಲ್ ಎರಡರ ಕರೆಂಟನ್ನೂ ಅಳೆದು ದೊಡ್ಡದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಸೋಲಾರ್ ನ್ಯೂಟ್ರಲನ್ನು ಪಕ್ಕದ ಇನ್ನೊಂದು ಮೀಟರಿನ ನ್ಯೂಟ್ರಲ್ ಪಟ್ಟಿಗೆ ಸೇರಿಸಿದ್ದರೆ ಎರಡೂ ಮೀಟರಿನ ಲೆಕ್ಕ ಹಾಳು.

ಸೋಲಾರ್ ಹಾಕಿದ ಮೇಲೆ ಪವರ್ ಫ್ಯಾಕ್ಟರ್ (ಎಳೆದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.2ಕ್ಕೆ ಬಿತ್ತು ಎಂದು ಗಾಬರಿಯಾಗಬೇಡಿ. 3 ಕಿಲೋವ್ಯಾಟ್ ಜೊತೆ ಒಂದೂವರೆ ಕಿಲೋವಾರ್ ರಿಯಾಕ್ಟಿವ್ (ಕೆಲಸ ಮಾಡದೆ ಹೋಗಿ ಬರುವ ಶಕ್ತಿ) ಎಳೆಯುವ ಮನೆಗೆ ಸೋಲಾರ್ 2.7 ಕಿಲೋವ್ಯಾಟ್ ಕೊಟ್ಟರೆ ಗ್ರಿಡ್ ಕಡೆ ಉಳಿಯುವುದು 0.3 ಕಿಲೋವ್ಯಾಟ್, ಆದರೆ ರಿಯಾಕ್ಟಿವ್ ಹಾಗೇ ಇರುತ್ತದೆ. ಯೂನಿಟ್ ಲೆಕ್ಕದ ಬಿಲ್ಲಿಗೆ ಇದರಿಂದ ಏನೂ ಆಗದು. ರಿಯಾಕ್ಟಿವನ್ನೂ ಸೇರಿಸಿ ಎಣಿಸುವ ಕೆವಿಎ ಅವರ್ ಲೆಕ್ಕದ ಸಂಪರ್ಕವಾದರೆ ಮಾತ್ರ ಉಳಿತಾಯ ಶೇಕಡ 90ರ ಬದಲು 54ಕ್ಕೆ ಇಳಿಯುತ್ತದೆ. ಇನ್ವರ್ಟರಿನಿಂದಲೇ ರಿಯಾಕ್ಟಿವ್ ಕೊಡುವ ಸೆಟ್ಟಿಂಗ್ ಇದೆಯೇ ಎಂದು ವಿಚಾರಿಸಿ.

ಮೀಟರ್ ಬದಲಿಸುವ ದಿನ ಹಳೆಯದರ ಕೊನೆಯ ರೀಡಿಂಗ್, ಹೊಸದರ 1.8.0 ಮತ್ತು 2.8.0, ಎರಡರ ಸೀರಿಯಲ್ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ. ಹೊಸ ಮೀಟರ್ ಪರೀಕ್ಷೆಗೆ ಓಡಿದ್ದರಿಂದ ಅಂಕಿ ಸೊನ್ನೆಯಿಂದಲೇ ಶುರುವಾಗಬೇಕೆಂದಿಲ್ಲ. ಪ್ಯಾನೆಲ್, ಇನ್ವರ್ಟರ್ ಎಲ್ಲ ಸಿದ್ಧವಾಗಿದ್ದರೂ ಈ ಮೀಟರ್ ಕೂರುವ ತನಕ ಇನ್ವರ್ಟರಿನ ಎಸಿ ಸ್ವಿಚ್ ಆರಿಯೇ ಇರಲಿ.